ಎತ್ತಿಸಿದ ಪಿಕಪ್ ಸದ್ದು ಮಾಡುತ್ತಿದೆಯಾ? ಕೈ ಹಾಕಿದ ಕಡೆಯಿಂದಲೇ ಹುಡುಕಿ

ಮಂಡ್ಯ ಕಡೆ ಪಿಕಪ್ ಎತ್ತಿಸುವವರು, ಅಂದರೆ ಸ್ಪ್ರಿಂಗಿನ ಹತ್ತಿರ ತುಂಡು ಕೊಟ್ಟು ಗಾಡಿ ಎತ್ತರ ಮಾಡಿಸುವವರು, ಎರಡು ಥರ. ಒಬ್ಬರಿಗೆ ಕಬ್ಬಿನ ಗದ್ದೆಯ ಜಾಡಿನಲ್ಲಿ ಗಾಡಿ ಹೊಟ್ಟೆ ತಾಗಬಾರದು. ಇನ್ನೊಬ್ಬರಿಗೆ ಗಾಡಿ ನೋಡೋಕೆ ಗತ್ತಾಗಿರಬೇಕು. ನಾನು ಮೊದಲನೇ ಥರದವನು ಅಂತ ಮನೆಯಲ್ಲಿ ಹೇಳಿ ಎತ್ತಿಸಿಕೊಂಡ ಎರಡನೇ ಥರದವನು. ಡಬಲ್ ಕ್ಯಾಬಿನ್, ಫೋರ್ ವೀಲ್ ಡ್ರೈವ್, ಎರಡು ಇಂಚು ಲಿಫ್ಟ್, ಒಂದು ಸೈಜ್ ದೊಡ್ಡ ಟೈರು. ಮೂರು ವರ್ಷದಲ್ಲಿ ಈ ಗಾಡಿ ಮಾಡದ ಸದ್ದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಆದರೂ ಪಾಂಡವಪುರದ ಸುತ್ತಮುತ್ತ ಗಾಡಿ ಎತ್ತಿಸಿದ ನಾಲ್ಕೈದು ಹುಡುಗರು ಭಾನುವಾರ ಬೆಳಗ್ಗೆ ನಮ್ಮ ಮನೆ ಮುಂದೆ ತಂದು ನಿಲ್ಲಿಸುತ್ತಾರೆ. "ಅಣ್ಣ, ಏನೋ ಕಟಕಟ ಅಂತೈತೆ, ಒಸಿ ನೋಡಣ್ಣ."

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಗಾಡಿಗೆ ಕೊನೆಗೆ ಎಲ್ಲೆಲ್ಲಿ ಕೈ ಹಾಕಿದ್ರು? ಎತ್ತಿಸುವ ಮೊದಲು ಇಲ್ಲದ ಸದ್ದು ಎತ್ತಿಸಿದ ಮೇಲೆ ಬಂದಿದ್ದರೆ ಇಂಜಿನ್ ಮೇಲೆ, ಗೇರ್‌ಬಾಕ್ಸ್ ಮೇಲೆ ಅನುಮಾನ ಪಡುವುದು ದುಡ್ಡಿಗೆ ದಂಡ. ಬಿಚ್ಚಿ ಕಟ್ಟಿದ ಬೋಲ್ಟು, ಓರೆ ಬದಲಾದ ರಾಡು, ದಪ್ಪವಾದ ಟೈರು. ಈ ಮೂರನ್ನು ಮುಗಿಸಿಯೇ ಮುಂದಕ್ಕೆ ಹೋಗಿ.

ಗಾಡಿ ಕೆಳಗೆ ತಲೆ ಹಾಕುವ ಮುಂಚೆ

ಸಾಮಾನು ಜಾಸ್ತಿ ಬೇಡ. ಅಳತೆ ಟೇಪು, ಸೀಮೆಸುಣ್ಣ, ಟಾರ್ಚು, ಗಾಳಿ ನೋಡುವ ಗೇಜು, ವೀಲ್ ಪಾನ, ಒಂದು ಹಳೇ ಬಟ್ಟೆ. ಜೊತೆಗೆ ಸ್ಟೀರಿಂಗ್ ತಿರುಗಿಸೋಕೆ ಒಬ್ಬರು.

ಗಟ್ಟಿಯಾದ ಮಟ್ಟ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ ಕ್ಷಣ ಆ ಹಿಡಿತ ಹೋಯಿತು, ಅದಕ್ಕೇ ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಲೇಬೇಕು. ಜಾಕಿ ಇರುವುದು ಎತ್ತೋಕೆ, ಹೊತ್ತು ನಿಲ್ಲೋಕೆ ಅಲ್ಲ. ಚಾಸಿಗೆ ಸ್ಟ್ಯಾಂಡ್ ಕೊಡದೆ ಕೆಳಗೆ ತೂರಬೇಡಿ. ಮನೆ ಕಟ್ಟಿ ಉಳಿದ ಹಾಲೋ ಬ್ಲಾಕ್ ಕೊಡುವವರನ್ನು ನೋಡಿದ್ದೇನೆ. ಅದು ಮೊದಲೇ ಸೂಚನೆ ಕೊಟ್ಟು ಒಡೆಯುವುದಿಲ್ಲ, ಒಂದೇ ಸಲ ಪುಡಿಯಾಗುತ್ತದೆ.

ಇನ್ನೊಂದು ಮಾತು. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ. ಅದುಮಿಟ್ಟ ಸ್ಪ್ರಿಂಗ್ ಕೈ ತಪ್ಪಿದರೆ ಗುಂಡು ಹಾರಿದ ಹಾಗೆ. ಈ ಬರಹದಲ್ಲಿ ಎಲ್ಲೂ ಅದನ್ನು ಬಿಚ್ಚುವ ಕೆಲಸ ಇಲ್ಲ.

ತಿರುಗಿಸಿದಾಗ ಟೈರು ಎಲ್ಲೋ ಉಜ್ಜುತ್ತದೆ

ಮೊದಲು ಎಲ್ಲಿ ಅಂತ ಗೊತ್ತಾಗಬೇಕು. ಚಕ್ರದ ಗೂಡಿನ ಒಳಗೆ, ಪ್ಲಾಸ್ಟಿಕ್ ಲೈನರ್ ಮೇಲೆ, ಬಂಪರ್ ಮೂಲೆಗೆ, ಚಾಸಿಯ ಬದಿಗೆ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ನಿಧಾನಕ್ಕೆ ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದೆ ಹೋಗಿ, ರಿವರ್ಸ್ ಬನ್ನಿ. ಸುಣ್ಣ ಅಳಿಸಿದ ಜಾಗವೇ ಉತ್ತರ. ರಿವರ್ಸ್‌ನಲ್ಲಿ ಮಾತ್ರ ಉಜ್ಜುವ ಗಾಡಿಗಳೂ ಇವೆ, ಅದನ್ನು ಬಿಡಬೇಡಿ.

ಲೈನರ್ ಮಾತ್ರ ತಾಗುತ್ತಿದ್ದರೆ ಚಿಂತೆ ಇಲ್ಲ. ಕ್ಲಿಪ್ ಬಿಚ್ಚಿ ಹಿಂದಕ್ಕೆ ಎಳೆದು ಕಟ್ಟಿದರೆ ಆಯಿತು. ಬಂಪರ್ ಮೂಲೆಯಾದರೆ ಒಂದೆರಡು ಬೆರಳಷ್ಟು ಕತ್ತರಿಸಬೇಕಾಗಬಹುದು. ಟೈರಿನ ಒಳಬದಿ ಚಾಸಿಗೋ, ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ಆರ್ಮ್‌ಗೋ ತಾಗುತ್ತಿದ್ದರೆ ಅದು ರಿಮ್ಮಿನ ಸಮಸ್ಯೆ. ಆಫ್‌ಸೆಟ್, ಅಂದರೆ ರಿಮ್ಮು ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನುವ ಅಳತೆ, ಹೊಂದುತ್ತಿಲ್ಲ ಅಂತ ಅರ್ಥ. ಆಗ ಕೆಲವರು ಚಕ್ರದ ಹಿಂದೆ ಸ್ಪೇಸರ್ (ಲೋಹದ ದಪ್ಪ ತುಂಡು) ತುರುಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಳಗಿನ ಉಜ್ಜಾಟ ನಿಂತು ಹೊರಗಿನದು ಶುರುವಾಗುತ್ತದೆ, ಬೇರಿಂಗ್ ಮೇಲೆ ಭಾರವೂ ಜಾಸ್ತಿ.

ಹಂಪ್ ಹಾರಿದಾಗ ಅಥವಾ ಲೋಡ್ ಹಾಕಿದಾಗ ಮಾತ್ರ ಉಜ್ಜಿದರೆ? "ಇನ್ನೊಂದು ಇಂಚು ಎತ್ತಿಸಿಬಿಡ್ಲಾ?" ಅಂತ ಕೇಳುತ್ತಾರೆ. ಪ್ರಯೋಜನವಿಲ್ಲ. ಮುಂದೆ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಮೇಲೆ ಸ್ಪೇಸರ್ ಕೊಟ್ಟರೆ ಗಾಡಿ ನಿಂತಾಗ ಎತ್ತರವಾಗಿ ಕಾಣುತ್ತದೆ, ಅಷ್ಟೇ. ಪೂರ್ತಿ ಕುಸಿದಾಗ ಚಾಸಿಯ ಬಂಪ್ ಸ್ಟಾಪ್ ರಬ್ಬರ್ ಎಲ್ಲಿ ತಡೆಯುತ್ತದೋ ಅಲ್ಲಿಗೇ ಚಕ್ರ ಬಂದು ನಿಲ್ಲುತ್ತದೆ, ಎತ್ತಿಸುವ ಮೊದಲು ಬರುತ್ತಿದ್ದ ಜಾಗಕ್ಕೇ. ಅಂದರೆ ಟೈರೇ ಆ ಗೂಡಿಗೆ ದೊಡ್ಡದು. ಒಂದು ಮುಂದಿನ ಚಕ್ರವನ್ನು ಗಟ್ಟಿ ಮೆಟ್ಟಿಲ ಮೇಲೆ ಹತ್ತಿಸಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಟೈರ್ ಕೊಳ್ಳುವ ಮೊದಲೇ ನೋಡಬೇಕಿತ್ತು ಅನ್ನುವುದು ಬೇರೆ ಮಾತು.

ಇಲ್ಲಿಗೆ ನಿಲ್ಲಿಸಿ: ಬ್ರೇಕ್ ಹೋಸ್ ಮೇಲೆ ಉಜ್ಜಿದ ಹೊಳಪು ಕಂಡರೆ, ಅಥವಾ ಟೈರಿನ ಕೆನ್ನೆ ಸೀಳಿ ಒಳಗಿನ ದಾರ ಕಂಡರೆ ಗಾಡಿ ಅಲ್ಲಿಂದ ಕದಲಬಾರದು.

ಹಂಪ್ ಇಳಿದಾಗ, ಬ್ರೇಕ್ ಒತ್ತಿದಾಗ 'ಠಕ್'

ನನ್ನನ್ನು ಅತಿ ಜಾಸ್ತಿ ಕಾಡಿದ್ದು ಇದು. ಗಾಡಿ ಎತ್ತಿಸಿ ಮೂರು ವಾರ ಆಗಿತ್ತು. ಹಿಂದಿನಿಂದ ಒಂದೇ ಒಂದು ಠಕ್. ಹೊರಡುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ. ಎತ್ತಿಸಿದ ಅಂಗಡಿಯವನು "ಹೊಸದಲ್ವಾ ಸಾರ್, ಸೆಟ್ ಆಗುತ್ತೆ" ಅಂದ. ಇನ್ನೊಬ್ಬ ಶಾಕ್ ಅಬ್ಸಾರ್ಬರ್ ಬುಷ್ ಅಂದ, ಹಾಕಿಸಿದೆ. ಸದ್ದು ಹೋಗಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಲಾರಿ ಕಮಾನು ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಯಾವ ಪಾನಾನೂ ತೆಗೆದುಕೊಳ್ಳಲಿಲ್ಲ. ಗಾಡಿ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಕಮಾನು ಪಟ್ಟಿಗೂ ಅದರ ಕೆಳಗೆ ಎತ್ತರಕ್ಕೆ ಕೊಟ್ಟ ಲಿಫ್ಟ್ ಬ್ಲಾಕಿಗೂ ಸೇರುವ ಸಂದಿಯ ಹೊರಗೆ ತೋರುಬೆರಳ ತುದಿ ಇಟ್ಟರು. "ಹುಡುಗನಿಗೆ ಹೇಳಿ, ಗಾಡಿ ಹಿಂದಕ್ಕೂ ಮುಂದಕ್ಕೂ ದಬ್ಬಲಿ." ಹುಡುಗ ದಬ್ಬಿದ. ಅವರು ನನ್ನ ಬೆರಳನ್ನು ಹಿಡಿದು ಅದೇ ಜಾಗಕ್ಕೆ ಇಟ್ಟರು. ಒಂದು ಕೂದಲೆಳೆಯಷ್ಟು ಅಲುಗಾಟ ಬೆರಳಿಗೆ ತಾಕಿತು. "ಉಸಿರಾಡ್ತೈತೆ ನೋಡಿ" ಅಂದರು. ಪಟ್ಟಿ, ಬ್ಲಾಕು ಎರಡನ್ನೂ ಹಿಂದಿನ ಅಚ್ಚಿಗೆ ಹಿಡಿದಿಡುವ ಯು ಬೋಲ್ಟಿನ ಬುಡದಲ್ಲಿ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು ಪುಡಿ. ಲೋಹಕ್ಕೆ ಲೋಹ ತಿಕ್ಕಿ ಬಂದ ತುಕ್ಕು ಅದು. ನಟ್ಟಿಗೆ ಪಾನ ಹಾಕಿದರೆ ಒಂದೂವರೆ ಸುತ್ತು ತಿರುಗಿತು. ನಾಲ್ಕು ಯು ಬೋಲ್ಟೂ ಅಷ್ಟೇ.

ಹಾಗಾಗಿ ಠಕ್ ಅಂದರೆ ಮೊದಲು ಆ ಕೆಂಪು ಪುಡಿ ಹುಡುಕಿ. ಹೊಸ ಬ್ಲಾಕು, ಹೊಸ ಪಟ್ಟಿ ಲೋಡಿಗೆ ಕೂರುತ್ತಾ ಹೋದಂತೆ ಯು ಬೋಲ್ಟ್ ಸಡಿಲವಾಗುವುದು ಸಹಜ. ಎತ್ತಿಸಿದ ಮೇಲೆ ನೂರು ಕಿ.ಮೀ.ಗೆ ಒಮ್ಮೆ, ಐನೂರಕ್ಕೆ ಒಮ್ಮೆ, ಸಾವಿರಕ್ಕೆ ಒಮ್ಮೆ ಬಿಗಿ ಮಾಡಿಸಬೇಕು. ಚಕ್ರ ನೆಲದ ಮೇಲಿದ್ದು, ಗಾಡಿಯ ತೂಕ ಕಮಾನಿನ ಮೇಲೆ ಕೂತಿರಬೇಕು. ಒಂದು ನಟ್ಟನ್ನೇ ಪೂರ್ತಿ ಬಿಗಿಯಬೇಡಿ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ. ಬಿಚ್ಚಿದ ಹಳೇ ಯು ಬೋಲ್ಟನ್ನೇ ಮತ್ತೆ ಹಾಕಿದ್ದರೆ ಹೊಸದು ತರಿಸಿ. ಒಮ್ಮೆ ಎಳೆದು ಬಿಗಿದದ್ದು ಎರಡನೇ ಸಲ ಅಷ್ಟು ಹಿಡಿಯುವುದಿಲ್ಲ.

ಯು ಬೋಲ್ಟ್ ಸಡಿಲವಿದ್ದು ಜಾಸ್ತಿ ದಿನ ಓಡಿಸಿದರೆ ಪಟ್ಟಿಗಳ ಮಧ್ಯದ ಸೆಂಟರ್ ಬೋಲ್ಟ್ ತುಂಡಾಗುತ್ತದೆ. ಆಗ ಹಿಂದಿನ ಹೌಸಿಂಗ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ಉಕ್ಕಿನ ಕೊಳವೆ) ಒಂದು ಕಡೆ ಹಿಂದಕ್ಕೆ ಜರುಗುತ್ತದೆ. ಹಿಂದಿನಿಂದ ನೋಡಿದವರಿಗೆ ಗಾಡಿ ಓರೆಯಾಗಿ ನಾಯಿ ಓಡಿದ ಹಾಗೆ ಕಾಣುತ್ತದೆ. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಹಬ್ ನಡುವಿನಿಂದ ಹಿಂದಿನ ಹಬ್ ನಡುವಿಗೆ ಎರಡೂ ಬದಿ ಟೇಪು ಹಿಡಿಯಿರಿ. ಎರಡು ಮೂರು ಮಿ.ಮೀ. ಹೆಚ್ಚುಕಡಿಮೆ ಇರಲಿ. ಬೆರಳು ಗಾತ್ರದ ವ್ಯತ್ಯಾಸ ಬಂದರೆ ಟೋಯಿಂಗ್ ಗಾಡಿ ಕರೆಸಿ.

ಯು ಬೋಲ್ಟ್ ಸರಿ ಇದ್ದೂ ಸದ್ದಿದ್ದರೆ ಮುಂದಕ್ಕೆ ಬನ್ನಿ. ಸ್ಟ್ರಟ್ ಮೇಲಿನ ಸ್ಪೇಸರಿನ ನಟ್ಟುಗಳು. ಶಾಕ್ ಅಬ್ಸಾರ್ಬರಿನ ಮೇಲಿನ ಕೆಳಗಿನ ಬುಷ್. ಸ್ಟೆಬಿಲೈಜರ್ ರಾಡಿನ ಸಣ್ಣ ಲಿಂಕ್. ಎತ್ತಿದ ಗಾಡಿಯಲ್ಲಿ ಆ ಲಿಂಕ್ ಓರೆಯಾಗಿ ನಿಂತು ಕಟಕಟ ಅನ್ನುವುದು ತೀರಾ ಸಾಮಾನ್ಯ.

ಠಕ್ ಅಲ್ಲ, ಹಳೇ ಬಾಗಿಲಿನ ಹಾಗೆ ಕಿರ್ರ್ ಅನ್ನುತ್ತಿದ್ದರೆ ಅದು ರಬ್ಬರ್ ಬುಷ್. ಕಮಾನಿನ ಕಣ್ಣಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಗಾಡಿಯೂ ಕುಲುಕುತ್ತದೆ. ಬೋಲ್ಟ್ ಸಡಿಲಿಸಿ, ಗಾಡಿ ನೆಲದ ಮೇಲಿಟ್ಟು ಎರಡು ಸಲ ಕುಲುಕಿ, ಮತ್ತೆ ಬಿಗಿಯಿರಿ. ಖರ್ಚು ಸೊನ್ನೆ.

ವೇಗಕ್ಕೆ ಸ್ಟೀರಿಂಗ್ ನಡುಗುತ್ತದೆ

ಊರೊಳಗೆ ಏನೂ ಇಲ್ಲ, ಹೈವೇ ಹತ್ತಿ 70-80 ದಾಟಿದರೆ ಕೈ ನಡುಗುತ್ತದೆ. ಬ್ಯಾಲೆನ್ಸಿಂಗ್ ಅಂಗಡಿಗೆ ಹೋಗುವ ಮೊದಲು ರಿಮ್ಮಿನ ಒಳಬದಿಗೆ ಕೈ ಹಾಕಿ ನೋಡಿ. ಭತ್ತದ ಗದ್ದೆ ಕೆಸರು ಅಲ್ಲಿ ಅಂಟಿ ಒಣಗಿರುತ್ತದೆ. ಒಂದು ಹಿಡಿ ಮಣ್ಣು ಸಾಕು ಸ್ಟೀರಿಂಗ್ ಕುಣಿಸೋಕೆ. ನಾಟಿ ಸಮಯದಲ್ಲಿ ನನ್ನ ಹತ್ತಿರ ಬರುವ ಅರ್ಧ ನಡುಕ ಒಂದು ಪೈಪು ನೀರಿಗೆ ವಾಸಿಯಾಗುತ್ತದೆ.

ಎರಡನೆಯದು ವೀಲ್ ನಟ್. ಹೊಸ ರಿಮ್ ಹಾಕಿಸಿದರೆ 50ರಿಂದ 100 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಲೇಬೇಕು. ಹಳೇ ಸ್ಟೀಲ್ ರಿಮ್ಮಿನ ನಟ್ಟು ಹೊಸ ಅಲಾಯ್‌ಗೆ ಕೂರುತ್ತದೆ ಅಂತ ಅಂದುಕೊಳ್ಳಬೇಡಿ, ನಟ್ಟಿನ ಬುಡದ ಆಕಾರ ಬೇರೆ ಇರಬಹುದು. ನಟ್ಟು ಸಡಿಲವಾಗಿ ರಿಮ್ಮಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಆ ರಿಮ್ಮು ಗುಜರಿಗೆ.

ಇಷ್ಟು ಆದ ಮೇಲೆ ಬ್ಯಾಲೆನ್ಸಿಂಗ್. ಅದೂ ಆಗಿ ನಡುಕ ಹೋಗದಿದ್ದರೆ ರಿಮ್ಮಿನ ನಡುವಿನ ತೂತು ಹಬ್‌ಗಿಂತ ದೊಡ್ಡದಿದೆಯಾ ನೋಡಿಸಿ, ಹಬ್ ರಿಂಗ್ ಬೇಕಾಗುತ್ತದೆ. ಚಕ್ರ ಎತ್ತಿ, ಸೀಮೆಸುಣ್ಣವನ್ನು ಟೈರಿನ ಹತ್ತಿರ ಅಲುಗದಂತೆ ಹಿಡಿದು, ಕೈಯಲ್ಲಿ ತಿರುಗಿಸಿ. ಒಂದೇ ಕಡೆ ಗೀಚಿದರೆ ಟೈರು ಗುಂಡಗಿಲ್ಲ, ಅಥವಾ ಉಬ್ಬಿದೆ. ಉಬ್ಬಿದ ಟೈರಿನಲ್ಲಿ ಹೈವೇ ಹತ್ತಬೇಡಿ.

ಮುಂದೆಯೂ ಉದ್ದ ಹೌಸಿಂಗ್ ಇರುವ ಗಾಡಿಗಳಲ್ಲಿ ಇನ್ನೊಂದು ಭಯಂಕರ ನಡುಕ ಬರುತ್ತದೆ. ಒಂದು ಗುಂಡಿಗೆ ಬಿದ್ದ ತಕ್ಷಣ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಕುಣಿಯುತ್ತದೆ, ನಿಲ್ಲುವುದೇ ಇಲ್ಲ. ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ಪಕ್ಕಕ್ಕೆ ತನ್ನಿ. ಟೈ ರಾಡ್ ಎಂಡ್, ಅಡ್ಡ ರಾಡಿನ ಬುಷ್, ಬೇರಿಂಗ್ ಯಾವುದೋ ಸವೆದಿದೆ. ಅದು ಮನೆಯಲ್ಲಿ ಮುಗಿಸುವ ಕೆಲಸ ಅಲ್ಲ.

ಸ್ಟೀರಿಂಗ್ ತೇಲುತ್ತದೆ, ಒಂದು ಕಡೆ ಎಳೆಯುತ್ತದೆ

ಗಾಳಿಯಿಂದ ಶುರು. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುವ ಅಂಕಿ ಹಳೇ ಸೈಜಿನ ಟೈರಿನದು. ಹೊಸದಕ್ಕೆ ಎಷ್ಟು ಅಂತ ತಿಳಿಯೋಕೆ ಸುಲಭ ದಾರಿ ಇದೆ. ಟೈರಿನ ಮೇಲ್ಮೈಗೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಡಾಂಬರಿನ ಮೇಲೆ ನೇರಕ್ಕೆ ಐವತ್ತು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಖಾಲಿ ಗಾಡಿಗೆ ಒಮ್ಮೆ, ಲೋಡಿಗೆ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಟೈರಿನ ಕೆನ್ನೆಯ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮಾತ್ರ ದಾಟಬೇಡಿ.

ಒಂದೇ ಕಡೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ, ಟೈರಿನ ಕೆನ್ನೆಯಲ್ಲಿ ತಿರುಗುವ ದಿಕ್ಕಿನ ಬಾಣ ಇಲ್ಲದಿದ್ದರೆ ಮಾತ್ರ. ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದು. ಅದೇ ಕಡೆ ಉಳಿದರೆ ಅಲೈನ್‌ಮೆಂಟ್.

ಗಾಡಿ ಎತ್ತಿದಾಗ ಟೈ ರಾಡ್ ಕೆಳಮುಖವಾಗಿ ಓರೆಯಾಗುತ್ತದೆ, ಚಕ್ರಗಳ ಟೋ (ಮೇಲಿಂದ ನೋಡಿದಾಗ ಚಕ್ರ ಎಷ್ಟು ಒಳಕ್ಕೋ ಹೊರಕ್ಕೋ ತಿರುಗಿದೆ ಅನ್ನುವುದು) ಕೆಡುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನ ಹಾಗೆ ತಾಕಿದರೆ ಟೋ ಕೆಟ್ಟಿದೆ. ಸಾವಿರ ಕಿ.ಮೀ. ಒಳಗೇ ಇದು ಕೈಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವಷ್ಟರಲ್ಲಿ ಟೈರು ಮುಗಿದಿರುತ್ತದೆ.

ಟೋ ಸರಿ ಮಾಡಿಸಿದರೂ ಗಾಡಿ ತೇಲುತ್ತಿದ್ದರೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ, ಅದು ಕಾಸ್ಟರ್, ಅಂದರೆ ಚಕ್ರ ತಿರುಗುವ ಕೀಲು ಹಿಂದಕ್ಕೆ ಬಾಗಿರುವ ಓರೆ. ಎತ್ತಿದ ಗಾಡಿಯಲ್ಲಿ ಕಾಸ್ಟರ್ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಲ್ಲಿಸಿದರೆ ಕೈ ಬಿಟ್ಟು ಓಡಿಸೋಕೆ ಆಗುತ್ತಾ? ಹಾಗೇ. ಬಹಳ ಅಲೈನ್‌ಮೆಂಟ್ ಅಂಗಡಿಗಳು ಟೋ ಮಾತ್ರ ತಿರುಗಿಸಿ ಬಿಲ್ ಕೊಡುತ್ತವೆ. ಪ್ರಿಂಟ್ ಕೇಳಿ ತೆಗೆದುಕೊಂಡು ಕಾಸ್ಟರ್ ಅಂಕಿ ಕಂಪನಿ ಹೇಳಿದ ಮಿತಿಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಎತ್ತಿದ ಗಾಡಿಗೆಂದೇ ಮಾಡಿದ ಮೇಲಿನ ಆರ್ಮ್ ಬೇಕಾಗಬಹುದು, ಅಥವಾ ಎತ್ತರ ಕಡಿಮೆ ಮಾಡಬೇಕು. ನಾನಾದರೆ ಇಳಿಸುತ್ತೇನೆ.

ಅಲ್ಲಿಯವರೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ತೇಲುವ ಸ್ಟೀರಿಂಗ್ ಇಟ್ಟುಕೊಂಡು ಹೋಗಬೇಡಿ. ಎತ್ತಿದ ಗಾಡಿ ಮೊದಲಿಗಿಂತ ಸುಲಭಕ್ಕೆ ಮಗುಚುತ್ತದೆ. ತಡೆಗೋಡೆ ಇಲ್ಲದ ಕಡೆ ಒಂದು ಅಡಿ ಆಚೀಚೆ ಆದರೆ ನೀರೇ.

ಹೊರಡುವಾಗ ಸೀಟಿನ ಕೆಳಗೆ ಗುರ್‌ಗುರ್

ನಡುಕ ಸ್ಟೀರಿಂಗಿಗೆ ಬರದೆ ಕುಂಡಿಗೆ ಬಂದರೆ ಹಿಂದಕ್ಕೆ ನೋಡಿ. ಹಿಂದಿನ ಟೈರ್ ಇರಬಹುದು, ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟ್ ಇರಬಹುದು. ಬೇರೆ ಮಾಡುವುದು ಸುಲಭ. ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ಆಕ್ಸಿಲರೇಟರ್ ಬಿಡಿ. ತಕ್ಷಣ ಕಡಿಮೆಯಾದರೆ ಶಾಫ್ಟ್. ಆಕ್ಸಿಲರೇಟರ್ ಕೊಟ್ಟರೂ ಬಿಟ್ಟರೂ ಒಂದೇ ಥರ ಇದ್ದರೆ ಟೈರು.

ಹಿಂಭಾಗ ಎತ್ತಿದಾಗ ಶಾಫ್ಟಿನ ಓರೆ ಹೆಚ್ಚುತ್ತದೆ. ಜಾಯಿಂಟ್ ಕ್ರಾಸ್‌ಗಳಿಗೆ, ಎರಡು ತುಂಡಿನ ಶಾಫ್ಟ್ ಆದರೆ ನಡುವಿನ ಸೆಂಟರ್ ಬೇರಿಂಗಿಗೆ ಅದು ಹಿಡಿಸುವುದಿಲ್ಲ. ಮೊದಲನೇ ಗೇರಲ್ಲಿ ಹೊರಡುವಾಗ ಮಾತ್ರ ಗುರ್ ಅಂದು ನಿಲ್ಲುವುದು ಸೆಂಟರ್ ಬೇರಿಂಗಿನ ಗುರುತು. ಎರಡೂ ಕಡೆ ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಆಫ್ ಇರುವಾಗ ಶಾಫ್ಟ್ ಹಿಡಿದು ಅಲುಗಿಸಿ. ಕ್ರಾಸಿನಲ್ಲಿ ಆಟ ಇದೆಯಾ, ಬೇರಿಂಗಿನ ರಬ್ಬರ್ ಹರಿದಿದೆಯಾ ನೋಡಿ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ ಒಮ್ಮೆ ಓಡಿಸಿ. ಎಲ್ಲ ಗಟ್ಟಿ ಇದ್ದೂ ಸದ್ದಿದ್ದರೆ ಸೆಂಟರ್ ಬೇರಿಂಗನ್ನು ಸ್ವಲ್ಪ ಕೆಳಗಿಳಿಸುವ ತುಂಡು, ಅಥವಾ ಕಮಾನಿನ ಕೆಳಗೆ ಓರೆ ಶಿಮ್ (ಲೋಹದ ತೆಳು ಬೆಣೆ) ಕೊಡಬೇಕು. ಎಷ್ಟು ಡಿಗ್ರಿ ಅಂತ ಅಳೆದು ಕೊಡುವವರ ಹತ್ತಿರ ಮಾತ್ರ ಮಾಡಿಸಿ.

ತಿರುವಿನಲ್ಲಿ ಟಕ್‌ಟಕ್, ರಿಮ್ಮಿನ ಒಳಗೆ ಗ್ರೀಸು

ಇದು ಮುಂದಿನ ಚಕ್ರಕ್ಕೂ ಶಕ್ತಿ ಹೋಗುವ ಫೋರ್ ವೀಲ್ ಗಾಡಿಗಳಿಗೆ. ರಿಮ್ಮಿನ ಒಳಬದಿಯಲ್ಲಿ ಕಪ್ಪು ಗ್ರೀಸ್ ಸಿಡಿದಿದ್ದರೆ ಆಕ್ಸಲ್ ಬೂಟ್ (ಜಾಯಿಂಟಿನ ಮೇಲಿನ ರಬ್ಬರ್ ಕವಚ) ಹರಿದಿದೆ. ಬೂಟ್ ಮಾತ್ರ ಹರಿದಾಗ ಹಿಡಿದರೆ ಸಣ್ಣ ಖರ್ಚು. ಧೂಳು ಒಳಗೆ ಹೋಗಿ ಟಕ್‌ಟಕ್ ಶುರುವಾದರೆ ಜಾಯಿಂಟೇ ಹೋಯಿತು.

ಯಾಕೆ ಹರಿಯುತ್ತದೆ? ಅರ್ಧ ಸಲ ಕಾರಣ ಸ್ಪೇಸರಿನ ಲೆಕ್ಕ. ಸ್ಟ್ರಟ್ ಮೇಲೆ ಒಂದು ಇಂಚು ದಪ್ಪದ ತುಂಡು ಕೊಟ್ಟರೆ ಚಕ್ರದ ಹತ್ತಿರ ಸುಮಾರು ಎರಡು ಇಂಚು ಎತ್ತುತ್ತದೆ, ಆರ್ಮ್ ಸನ್ನೆಗೋಲಿನ ಹಾಗೆ ಕೆಲಸ ಮಾಡುವುದರಿಂದ. ಎರಡು ಇಂಚು ಬೇಕು ಅಂತ ಎರಡು ಇಂಚಿನ ತುಂಡೇ ಹಾಕಿಸಿದ ಒಬ್ಬ ಹುಡುಗನ ಗಾಡಿ ಮುಂದೆ ಜಿಂಕೆ ಹಾಗೆ ನಿಂತಿತ್ತು. ಆಕ್ಸಲ್, ಬಾಲ್ ಜಾಯಿಂಟ್ ಎರಡೂ ಕೊನೇ ಓರೆಗೆ ಹೋಗಿದ್ದವು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಒಳಹೊರ ಅಲುಗಿಸಿದಾಗ ಲೊಟಲೊಟ ಅಂದರೆ ಓಡಿಸಬೇಡಿ.

ಬ್ರೇಕ್ ಮೊದಲಿನ ಹಾಗಿಲ್ಲ

ಇಲ್ಲಿ ಮನೆಮದ್ದು ಕಡಿಮೆ. ನೋಡಿ, ಆಮೇಲೆ ತಿಳಿದವರಿಗೆ ಬಿಡಿ.

ಚಕ್ರ ನೇತಾಡುವ ಹಾಗೆ ಗಾಡಿ ಎತ್ತಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಪ್ರತಿ ಬ್ರೇಕ್ ಹೋಸಿಗೆ ಬೆರಳು ಹಾಕಿ. ಸ್ವಲ್ಪ ಜೋಲು ಇರಬೇಕು. ವೀಣೆ ತಂತಿ ಹಾಗೆ ಬಿಗಿದಿದ್ದರೆ ಗುಂಡಿಯಲ್ಲಿ ಒಂದು ದಿನ ಕಿತ್ತುಬರುತ್ತದೆ. ಪಕ್ಕದಲ್ಲೇ ಎಬಿಎಸ್ ವೈರು ಇರುತ್ತದೆ. ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿದರೆ ಮೊದಲು ನೋಡಬೇಕಾದ್ದು ಆ ವೈರು.

ಬ್ರೇಕ್ ಹೊಡೆದಾಗ ಮೂಗು ಜಾಸ್ತಿ ಬಗ್ಗುತ್ತದೆ, ಲೋಡಿದ್ದಾಗ ಗಾಡಿ ದೂರ ಹೋಗಿ ನಿಲ್ಲುತ್ತದೆ ಅನ್ನುತ್ತೀರಾ? ಹಲವು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗಿನಿಂದ ಚಾಸಿಯ ಒಂದು ವಾಲ್ವಿಗೆ ಸಣ್ಣ ರಾಡ್ ಇರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಷ್ಟೂ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಕೊಡುವುದು ಅದರ ಕೆಲಸ. ಗಾಡಿ ಎತ್ತಿಸಿದರೆ ಆ ವಾಲ್ವಿಗೆ ಲೋಡ್ ಇದ್ದರೂ ಗಾಡಿ ಖಾಲಿ ಅನ್ನಿಸುತ್ತದೆ. ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ರಾಡಿನ ಬ್ರಾಕೆಟನ್ನು ಎತ್ತಿದ ಲೆಕ್ಕಕ್ಕೆ ಸರಿಮಾಡಬೇಕು, ಅಂದಾಜಿಗೆ ಬಗ್ಗಿಸುವುದಲ್ಲ. ಎತ್ತಿಸಿದ ಅಂಗಡಿಯಲ್ಲಿ ಈ ವಾಲ್ವಿನ ಬಗ್ಗೆ ಕೇಳಿ. ಅವರ ಮುಖ ನೋಡಿದರೆ ಅವರ ಕೆಲಸ ಗೊತ್ತಾಗುತ್ತದೆ.

ಪೆಡಲ್ ಮೆತ್ತಗಾಗಿದ್ದರೆ, ಎಣ್ಣೆ ಜಿನುಗಿದ್ದರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಗಾಡಿ ಹತ್ತಿರ ಕರೆಸಿ.

ಎಳೆತ ಕಡಿಮೆ, ಮೈಲೇಜ್ ಬಿತ್ತು, ಹೊಟ್ಟೆ ಇನ್ನೂ ತಾಗುತ್ತದೆ

ಇದು ದೋಷ ಅಲ್ಲ, ಲೆಕ್ಕ. 245/70 ಆರ್16 ಟೈರಿನ ಎತ್ತರ ಸುಮಾರು 749 ಮಿ.ಮೀ. ಅದರ ಬದಲು 265/70 ಆರ್16 ಹಾಕಿದರೆ 777. ವ್ಯತ್ಯಾಸ 28 ಮಿ.ಮೀ., ಅಂದರೆ ಶೇ. 3.7. ಮೀಟರ್ 80 ತೋರಿಸಿದರೆ ಹಳೇ ಲೆಕ್ಕದ 83ರಲ್ಲಿ ಹೋಗುತ್ತಿದ್ದೀರಿ. ಕಂಪನಿ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುವುದರಿಂದ ಎಷ್ಟೋ ಸಲ ಇದು ಸರಿಹೋಗುತ್ತದೆ. ಆದರೆ 265/75 ಹಾಕಿದರೆ ವ್ಯತ್ಯಾಸ ಶೇ. 7 ದಾಟುತ್ತದೆ, ಆಗ ಹೈವೇ ಕ್ಯಾಮೆರಾಗೆ ಸಿಕ್ಕಿಬೀಳುವುದು ನೀವೇ. ಮೊಬೈಲಿನ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿ ನೋಡಿ.

ಓಡಿದ ಕಿ.ಮೀ. ಕೂಡ ಮೀಟರಿನಲ್ಲಿ ಕಡಿಮೆ ಬೀಳುತ್ತದೆ. 500 ತೋರಿಸಿದರೆ ಸುಮಾರು 519 ಆಗಿರುತ್ತದೆ. ಮೈಲೇಜ್ ಬಿತ್ತು ಅಂತ ಬೈಯುವ ಮೊದಲು ಇದನ್ನು ಸೇರಿಸಿ ಲೆಕ್ಕ ಹಾಕಿ. ಆದರೂ ಸ್ವಲ್ಪ ಬಿದ್ದೇ ಇರುತ್ತದೆ. ಟೈರು ಭಾರ, ಗಾಳಿಗೆ ಒಡ್ಡುವ ಮೈ ಜಾಸ್ತಿ. ಮೇಲುಕೋಟೆ ಬೆಟ್ಟ ಮೂರನೇ ಗೇರಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಬಂದರೆ ಕ್ಲಚ್ ಪ್ಲೇಟಿಗೆ ದುಡ್ಡು ಹಾಕಬೇಡಿ. ಇಂಜಿನ್ ಕೂಗುತ್ತಾ ವೇಗ ಏರದಿದ್ದರೆ ಮಾತ್ರ ಕ್ಲಚ್.

ಎರಡು ಇಂಚು ಎತ್ತಿಸಿದರೂ ಹಿಂದಿನ ಡಿಫರೆನ್ಷಿಯಲ್ ಗುಂಡು ಜಾಡಿನ ದಿಬ್ಬಕ್ಕೆ ಬಡಿಯುತ್ತಿದೆ ಅಂದರೆ, ಬಡಿಯಲೇಬೇಕು. ಲಿಫ್ಟ್ ಎತ್ತುವುದು ಚಾಸಿಯನ್ನು. ಗುಂಡು ಇರುವುದು ಚಕ್ರದ ಜೊತೆ. ಅದು ಮೇಲೆ ಬಂದಿದ್ದು ಟೈರು ಎತ್ತಿದ 14 ಮಿ.ಮೀ. ಮಾತ್ರ. ಇದನ್ನು ನಾನು ಎತ್ತಿಸಿದ ಮೇಲೆ ಕಲಿತೆ.

ಎದುರಿಗೆ ಬರುವವರೆಲ್ಲ ಲೈಟ್ ಹೊಡೆಯುತ್ತಾರೆ

ನಿಮ್ಮ ಡಿಮ್ ಲೈಟೇ ಅವರ ಕಣ್ಣಿಗೆ ಹೊಡೆಯುತ್ತಿದೆ. ಮುಂಭಾಗ ಎತ್ತರವಾದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ. ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ, ಲೈಟಿನ ನಡುವಿನ ಎತ್ತರವನ್ನು ಗೋಡೆಗೆ ಗುರುತು ಮಾಡಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ನಾಲ್ಕು ಬೆರಳಷ್ಟು ಕೆಳಗೆ ಬೀಳುವವರೆಗೆ ಹಿಂದಿನ ಸ್ಕ್ರೂ ತಿರುಗಿಸಿ. ಹತ್ತು ನಿಮಿಷದ ಕೆಲಸ.

ಆರ್.ಸಿ., ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ(4)ರಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಂಡು, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಹಳದಿ ಬೋರ್ಡಿನವರಿಗೆ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ದಿನ ಇದು ಎದುರಾಗುತ್ತದೆ.

ಪಂಕ್ಚರ್ ಆದ ದಿನ

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಕಡೆ ಹೋಗುವಾಗ ರಾತ್ರಿ ಒಂಬತ್ತಕ್ಕೆ ನನ್ನ ಹಿಂದಿನ ಟೈರು ಕೂತಿತು. ಗಾಡಿ ಜೊತೆ ಬಂದ ಜಾಕಿ ಪೂರ್ತಿ ಏರಿಸಿದೆ. ಚಾಸಿಗೆ ಇನ್ನೂ ಒಂದು ಗೇಣು ದೂರ. ಹೌಸಿಂಗಿಗೆ ಕೊಟ್ಟು ಹೇಗೋ ಎತ್ತಿದೆ. ಸ್ಟೆಪ್ನಿ ಇಳಿಸಿದರೆ ಅದು ಹಳೇ ಸೈಜಿನದು! ಹಿಂದಿನ ಎರಡು ಚಕ್ರ ಬೇರೆ ಬೇರೆ ಎತ್ತರ ಇದ್ದರೆ ಡಿಫರೆನ್ಷಿಯಲ್ ಉದ್ದಕ್ಕೂ ತಿರುಗುತ್ತಲೇ ಇರಬೇಕು, ಬಿಸಿಯಾಗುತ್ತದೆ. ಫೋರ್ ವೀಲ್ ಹಾಕಲೇಬಾರದು. ಮೂವತ್ತರ ವೇಗದಲ್ಲಿ ಮನೆ ಸೇರುವಷ್ಟರಲ್ಲಿ ಹನ್ನೊಂದೂವರೆ.

ಈಗ ಸೀಟಿನ ಹಿಂದೆ ಎತ್ತರದ ಬಾಟಲ್ ಜಾಕಿ ಇದೆ, ಅದರ ಕೆಳಗೆ ಕೊಡೋಕೆ ಅಗಲವಾದ ಹಲಸಿನ ಹಲಗೆ ಇದೆ, ಸ್ಟೆಪ್ನಿ ಐದನೇ ದೊಡ್ಡ ಟೈರು. ಆ ಟೈರು ಗಾಡಿ ಕೆಳಗಿನ ಹಳೇ ಜಾಗಕ್ಕೆ ಹಿಡಿಸುವುದಿಲ್ಲ. ಹಿಂದಿನ ಬಾಡಿಯಲ್ಲಿ ಮಲಗಿಸಿ ಕಟ್ಟಿದ್ದೇನೆ. ಎರಡು ಮೂಟೆ ಗೊಬ್ಬರದ ಜಾಗ ಹೋಯಿತು ಅಂತ ಅಪ್ಪ ಇನ್ನೂ ಬೈಯುತ್ತಾರೆ.